ಮುಹೂರ್ತಕ್ಕೂ ಮೊದಲು ಎಲೆಯ ಲೆಕ್ಕ

ಬೇಸಿಗೆಯಲ್ಲಿ ಮದುವೆ ಮಾಡುವುದು ನಮ್ಮ ಹಿರಿಯರ ಪಾಲಿಗೆ ಅವಿವೇಕವಾಗಿರಲಿಲ್ಲ. ಸುಗ್ಗಿ ಮುಗಿದು ಕಣಜ ತುಂಬಿರುತ್ತಿತ್ತು. ಎತ್ತುಗಳಿಗೂ ಆಳುಗಳಿಗೂ ಬಿಡುವಿರುತ್ತಿತ್ತು. ಮುಂಗಾರು ಬೀಳುವುದರೊಳಗೆ ಮಗಳನ್ನು ಧಾರೆ ಎರೆದು ಕೊಟ್ಟರೆ ರೈತ ನಿಶ್ಚಿಂತೆಯಿಂದ ನೇಗಿಲು ಹಿಡಿಯಬಹುದಿತ್ತು. ಹೊಲ ಬಿಟ್ಟು ನಗರ ಸೇರಿ ತಿಂಗಳ ಸಂಬಳಕ್ಕೆ ಒಗ್ಗಿಕೊಂಡ ಮೇಲೂ ನಾವು ಆ ಋತುವನ್ನು ಬಿಟ್ಟಿಲ್ಲ. ಕಾರಣ ಮಾತ್ರ ಬದಲಾಗಿದೆ. ಈಗ ಅದು ಮಕ್ಕಳ ಶಾಲಾ ರಜೆ.

ಆದರೆ ಆ ಎರಡು ತಿಂಗಳುಗಳಲ್ಲಿ ದೊರೆಯುವ ಮುಹೂರ್ತಗಳು ಬೆರಳೆಣಿಕೆಯಷ್ಟು. ಆಷಾಢ ವರ್ಜ್ಯ. 2024ರಲ್ಲಿ ಶುಕ್ರಾಸ್ತದ ದೆಸೆಯಿಂದ ಏಪ್ರಿಲ್ ಕೊನೆಯಿಂದ ಜೂನ್ ಕೊನೆಯವರೆಗೆ ಅನೇಕ ಪಂಚಾಂಗಗಳು ವಿವಾಹ ಮುಹೂರ್ತವನ್ನೇ ಕೊಡಲಿಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಕಲ್ಯಾಣ ಮಂಟಪಗಳ ಸಂಖ್ಯೆ ಇದ್ದಷ್ಟೇ ಇದ್ದು, ಬೇಡಿಕೆಯೆಲ್ಲ ನಾಲ್ಕಾರು ಭಾನುವಾರಗಳ ಮೇಲೆ ಬಿದ್ದರೆ ಬೆಲೆ ಏನಾಗುತ್ತದೆಂಬುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಬುಧವಾರದ ಮುಹೂರ್ತಕ್ಕೆ ಒಪ್ಪುವ ಕುಟುಂಬಕ್ಕೆ ಮಂಟಪದವರಷ್ಟೇ ಅಲ್ಲ, ಅಡುಗೆಯವರೂ ವಾಲಗದವರೂ ಛಾಯಾಗ್ರಾಹಕರೂ ಚೌಕಾಸಿಗೆ ಸಿಗುತ್ತಾರೆ.

ಇದು ಚಿಕ್ಕ ಉಳಿತಾಯ. ದೊಡ್ಡ ಸಂಕಟದ ಮೂಲ ಬೇರೆಡೆ ಇದೆ. ನಮ್ಮಲ್ಲಿ ಮೊದಲು ದಿನ ಗೊತ್ತಾಗುತ್ತದೆ, ಬಳಿಕ ಮಂಟಪ, ಕೊನೆಯಲ್ಲಿ ಕರೆಯಬೇಕಾದವರ ಪಟ್ಟಿ. ಎಂಟುನೂರು ಜನ ಹಿಡಿಸುವ ಮಂಟಪಕ್ಕೆ ಮುಂಗಡ ಕೊಟ್ಟ ಮೇಲೆ ಅದನ್ನು ತುಂಬಿಸುವುದೇ ಮನೆಯವರ ಕರ್ತವ್ಯವೆನಿಸಿಬಿಡುತ್ತದೆ. ಅಡುಗೆ ಭಟ್ಟರು ಮಾತ್ರ ಈ ವಿಷಯದಲ್ಲಿ ವಿವೇಕಿಗಳು. ಅವರ ಮೊದಲ ಪ್ರಶ್ನೆ ‘ಯಾವ ಸಿಹಿ?’ ಎಂದಲ್ಲ, ‘ಎಷ್ಟು ಎಲೆ?’ ಎಂದು. ಮದುವೆ ನಿಶ್ಚಯವಾದ ದಿನವೇ ಮನೆಯವರು ಉತ್ತರಿಸಬೇಕಾದ ಪ್ರಶ್ನೆ ಅದು.

ಎಲೆಯೊಂದಕ್ಕೆ ಇಷ್ಟು ಎಂಬ ದರ ನೋಡಿದರೆ ಇನ್ನೂರು ಜನ ಹೆಚ್ಚಾದರೆ ಇನ್ನೂರು ಎಲೆಯ ಖರ್ಚಷ್ಟೇ ಹೆಚ್ಚುತ್ತದೆ ಎನಿಸುತ್ತದೆ. ಬೇಸಿಗೆಯಲ್ಲಿ ಈ ಲೆಕ್ಕ ತಪ್ಪು. ಊಟದ ಮನೆಯಲ್ಲಿ ಒಮ್ಮೆಗೆ 250 ಜನ ಕೂರಬಹುದೆಂದುಕೊಳ್ಳಿ. ಒಂದು ಪಂಕ್ತಿಗೆ ಮುಕ್ಕಾಲು ಗಂಟೆ. ಹನ್ನೆರಡರ ಮುಹೂರ್ತ ಮುಗಿದು ಹನ್ನೆರಡೂವರೆಗೆ ಮೊದಲ ಪಂಕ್ತಿ ಕುಳಿತರೆ, ಸಾವಿರ ಜನರಲ್ಲಿ ಕೊನೆಯ 250 ಮಂದಿ ಕೂರುವುದು ಪೌಣೆ ಮೂರಕ್ಕೆ. ನಸುಕಿನಲ್ಲಿ ಇಳಿಸಿದ ಕಾಯಿತುರಿಯ ಪಲ್ಯ ಆ ಸೆಕೆಯಲ್ಲಿ ಅಷ್ಟು ಹೊತ್ತು ತಡೆಯದು. ಕಾಯುವವರಲ್ಲಿ ಮಧುಮೇಹದ ಹಿರಿಯರಿರುತ್ತಾರೆ, ಕಂಕುಳಲ್ಲಿ ಕೂಸಿರುವ ತಾಯಂದಿರಿರುತ್ತಾರೆ. ಇಷ್ಟಾಗಿಯೂ ಅಡುಗೆ ಮಿಕ್ಕುತ್ತದೆ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆಯೆಂದು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಅಧ್ಯಯನವೊಂದು 2012ರಲ್ಲಿ ಲೆಕ್ಕ ಹಾಕಿತ್ತು.

ಎಲೆಯ ಸಂಖ್ಯೆ ಹಿಡಿತಕ್ಕೆ ಸಿಗದಿರುವುದು ಏಕೆ? ಕರೆಯುವವರು ಒಬ್ಬರು, ತೆರುವವರು ಇನ್ನೊಬ್ಬರು ಆಗಿರುವುದರಿಂದ. ಹೆಣ್ಣಿನ ಕಡೆಯವರೇ ‘ಮದುವೆ ಮಾಡಿಕೊಡುವ’ ಪದ್ಧತಿ ವಿದ್ಯಾವಂತ ಮನೆಗಳಲ್ಲೂ ಉಳಿದಿದೆ. ಬೀಗರಿಂದ ‘ನಮ್ಮ ಕಡೆಯವರು ಇನ್ನೊಂದು ಮುನ್ನೂರು ಆಗಬಹುದು’ ಎಂಬ ಮಾತು ಬಂದರೆ ಹೆಣ್ಣಿನ ತಂದೆ ತಲೆಯಾಡಿಸುತ್ತಾನೆ. ಆ ರಾತ್ರಿ ಅವನ ಹೆಂಡತಿ ತನ್ನ ಬಳೆಗಳನ್ನು ಅಡವಿಡುವ ಮಾತೆತ್ತುತ್ತಾಳೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕೊಟ್ಟ ಉಡುಗೊರೆಗಳನ್ನೆಲ್ಲ ಬೆಲೆಸಹಿತ ಬರೆದಿಡಬೇಕೆಂಬ ನಿಯಮವೂ 1985ರಿಂದ ಇದೆ. ಬರೆದಿಟ್ಟ ಮನೆಯನ್ನು ನಾನಂತೂ ಕಂಡಿಲ್ಲ. ಆದರೆ ಮುನ್ನೂರು ಎಲೆಯ ಹೊರೆಯನ್ನು ವರದಕ್ಷಿಣೆಯೆಂದು ಯಾರೂ ಕರೆಯುವುದಿಲ್ಲ, ಅದು ‘ಮರ್ಯಾದೆ’.

ಆದ್ದರಿಂದ ಎರಡೂ ಕಡೆಯವರು ತಮ್ಮ ತಮ್ಮ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಟ್ಟು, ತಮ್ಮ ಎಲೆಯ ಖರ್ಚನ್ನು ತಾವೇ ಹೊರುವುದು ನ್ಯಾಯ. ಈ ಮಾತನ್ನು ಹೆಣ್ಣಿನ ತಂದೆ ಎತ್ತಲಾರ. ಗಂಡಿನ ಕಡೆಯ ಹಿರಿಯರೇ ಎತ್ತಬೇಕು, ಅವರು ಸುಮ್ಮನಿದ್ದರೆ ಮದುಮಗನೇ ಎತ್ತಬೇಕು. ಹಣ ಅವರವರದೇ ಆದಾಗ ಮುನ್ನೂರು ಎಷ್ಟು ಬೇಗ ನೂರಿಪ್ಪತ್ತಾಗುತ್ತದೆಂಬುದು ನೋಡುವಂಥದ್ದು!

ಇನ್ನು ಹೊತ್ತಿನ ವಿಚಾರ. ಬೆಂಗಳೂರಿನ ಹವೆಯೂ ಮೊದಲಿನಂತಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾಯಿತು. ಕಲಬುರಗಿ, ರಾಯಚೂರಿನ ಕಡೆ ಅದು ಸಾಧಾರಣ ದಿನದ ಮಾತು. ಆ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ವ್ಯವಸ್ಥೆ ಬಹುಕಾಲದಿಂದ ನಡೆದುಬಂದಿದೆ. ನಿಧಾನಕ್ಕೆ ಹೆಸರಾದ ಸರ್ಕಾರಕ್ಕೇ ಹೊಳೆದ ಈ ಸಂಗತಿ ಮದುವೆ ಮನೆಗಳಿಗೆ ಹೊಳೆಯದೆ, ನಡುಹಗಲಿನ ಅಭಿಜಿನ್ ಲಗ್ನಕ್ಕೇ ಎಲ್ಲರೂ ಮುಗಿಬೀಳುತ್ತಾರೆ. ಗೋಧೂಳಿ ಮುಹೂರ್ತವೂ ಶಾಸ್ತ್ರದಲ್ಲಿದೆ. 1972ರಲ್ಲಿ ಆರಂಭವಾದ ಧರ್ಮಸ್ಥಳದ ಸಾಮೂಹಿಕ ವಿವಾಹ ನಡೆಯುವುದು ಬೇಸಿಗೆಯಲ್ಲಿ, ಗೋಧೂಳಿ ಲಗ್ನದಲ್ಲೇ. ಪುರೋಹಿತರನ್ನು ಮುಂಚಿತವಾಗಿ ಕೇಳಿದರೆ ಬೆಳಿಗ್ಗೆ ಎಂಟು, ಒಂಬತ್ತರ ಲಗ್ನವೂ ಸಿಕ್ಕೀತು. ಸಂಜೆಯ ಆರತಕ್ಷತೆಯನ್ನು ಬಯಲಿನಲ್ಲಿ ಇಟ್ಟುಕೊಳ್ಳುವವರು ಮಾತ್ರ ಗುಡುಗು ಮಳೆಯನ್ನು ಮರೆಯಬಾರದು. ಮೇ ತಿಂಗಳಲ್ಲಿ ಅದು ಅತಿಥಿಗಳಿಗಿಂತ ಮೊದಲೇ ಬಂದು ಕೂರುತ್ತದೆ.

ಮಂಟಪದವರೊಡನೆ ಮಾತನಾಡುವಾಗ ಬಾಡಿಗೆಗಿಂತ ನೀರು, ವಿದ್ಯುತ್ತಿನ ಬಗೆಗೆ ಹೆಚ್ಚು ವಿಚಾರಿಸಬೇಕು. ಜನರೇಟರಿನ ಡೀಸೆಲ್ ಯಾರದು? ಕೊಳವೆಬಾವಿ ಬತ್ತಿದರೆ ಟ್ಯಾಂಕರ್ ತರಿಸುವವರು ಯಾರು? 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಿಲ್ಲಾಡಳಿತವೇ ಖಾಸಗಿ ಟ್ಯಾಂಕರ್ ದರವನ್ನು, 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು, ನಿಗದಿ ಮಾಡಬೇಕಾಗಿ ಬಂತು. ಬಾಯಿಮಾತಿನ ಭರವಸೆ ಸಾಲದು; ರಸೀದಿಯ ಹಿಂಬದಿಯಲ್ಲಾದರೂ ಬರೆಸಿಕೊಳ್ಳುವುದು ಒಳಿತು.

ಆ ರಸೀದಿಗಳಿಗೆ ಇನ್ನೊಂದು ಉಪಯೋಗವೂ ಉಂಟು. ರಾಜ್ಯದಲ್ಲಿ 2018 ಮತ್ತು 2023ರ ವಿಧಾನಸಭಾ ಚುನಾವಣೆಗಳೂ 2019 ಮತ್ತು 2024ರ ಲೋಕಸಭಾ ಚುನಾವಣೆಗಳೂ ನಡೆದದ್ದು ಏಪ್ರಿಲ್, ಮೇ ತಿಂಗಳಲ್ಲೇ. ನೀತಿ ಸಂಹಿತೆ ಜಾರಿಯಲ್ಲಿರುವಾಗ 50,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತಪಾಸಣಾ ಠಾಣೆಯಲ್ಲಿ ದಾಖಲೆ ತೋರಿಸಬೇಕಾಗುತ್ತದೆ. ಅಂಥ ವರ್ಷ ಅಡುಗೆಯವರಿಗೆ ಕೊಡಲು ಹಣ ಒಯ್ಯುವವರ ಜೇಬಿನಲ್ಲಿ ಬ್ಯಾಂಕಿನ ಚೀಟಿ, ಮಂಟಪದ ರಸೀದಿ, ಲಗ್ನಪತ್ರಿಕೆ ಮೂರೂ ಇರಲಿ.