ಗೈಡ್ ಒಪ್ಪದ ಪ್ರಬಂಧ

ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಲ್ಯಾಬ್ ಇರುತ್ತದೆ. ಇತಿಹಾಸದವರಿಗೆ ಶಾಸನ, ಕಡತ, ಹಳೆಯ ಪತ್ರಗಳಿರುತ್ತವೆ. ತತ್ವಶಾಸ್ತ್ರದ ಎಂ.ಎ. ಓದುವ ಹುಡುಗಿ ಪ್ರಬಂಧ ಬರೆಯುತ್ತಿದ್ದೇನೆ ಎಂದರೆ ಮನೆಗೆ ಬಂದ ನೆಂಟರು ಕೇಳುವುದು ಒಂದೇ: ‘ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆಯಮ್ಮಾ?’ ಕೇಳುವ ದನಿಯಲ್ಲಿ ಕುಹಕವಿರಬಹುದು. ಆದರೂ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ದೇವರನ್ನು ನಂಬದವರು ನೀತಿವಂತರಾಗಿರಬಲ್ಲರೇ ಎಂಬುದು ಅವಳ ವಿಷಯ ಎಂದುಕೊಳ್ಳಿ. ಸಾವಿರ ಜನರನ್ನು ಕೇಳಿ ಸರ್ವೆ ಮಾಡಿದರೆ ಎಷ್ಟು ಜನ ಹೌದೆನ್ನುತ್ತಾರೆ ಎಂಬುದು ಗೊತ್ತಾಗುತ್ತದೆ. ಹೌದೆನ್ನುವುದು ಸರಿಯೇ ಎಂಬುದು ಗೊತ್ತಾಗುವುದಿಲ್ಲ.

ಅವಳು ಮೊದಲು ಮಾಡಬೇಕಾದ ಕೆಲಸ ಪ್ರಶ್ನೆಯನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿಕೊಳ್ಳುವುದು. ಪ್ಲೇಟೋನ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರೆಟಿಸ್ ಹಾಗೆಯೇ ಮಾಡುತ್ತಾನೆ. ದೇವತೆಗಳು ಮೆಚ್ಚಿದ್ದರಿಂದ ಒಂದು ಕೆಲಸ ಪುಣ್ಯಕಾರ್ಯವಾಯಿತೋ, ಅದು ಪುಣ್ಯಕಾರ್ಯವಾದ್ದರಿಂದ ದೇವತೆಗಳು ಮೆಚ್ಚಿದರೋ? ಮೊದಲನೆಯದು ನಿಜವಾದರೆ ನಾಳೆ ದೇವತೆಗಳು ಕಳ್ಳತನವನ್ನು ಮೆಚ್ಚಿದರೆ ಅದೂ ಪುಣ್ಯವಾಗಬೇಕು. ಎರಡನೆಯದು ನಿಜವಾದರೆ ಪುಣ್ಯಕ್ಕೆ ದೇವತೆಗಳ ಒಪ್ಪಿಗೆಗೂ ಮೊದಲೇ ಒಂದು ನೆಲೆ ಇದೆ ಎಂದಾಯಿತು. ನಮ್ಮಲ್ಲಿ ಪೂರ್ವಮೀಮಾಂಸಕರು ಬೇರೆ ದಾರಿಯಿಂದ ಇಂಥದೇ ಜಾಗಕ್ಕೆ ಬಂದರು. ಧರ್ಮಕ್ಕೆ ಪ್ರಮಾಣ ವೇದ, ಆ ವೇದವನ್ನು ಯಾರೂ ರಚಿಸಿದ್ದಲ್ಲ ಎಂದು ಹೇಳಿ, ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಅವರಲ್ಲೊಬ್ಬನಾದ ಕುಮಾರಿಲ ಭಟ್ಟ ವಾದದಿಂದಲೇ ಹೊರಗಿಟ್ಟ. ಕರ್ಮಠ ವೈದಿಕರೇ ದೇವರಿಲ್ಲದೆ ಧರ್ಮವನ್ನು ನಿಲ್ಲಿಸಿದ್ದರು ಎಂಬುದು ಈಗಿನ ಎಷ್ಟೋ ಆಸ್ತಿಕರಿಗೂ ನಾಸ್ತಿಕರಿಗೂ ಗೊತ್ತಿಲ್ಲ.

ಎರಡನೆಯ ಕೆಲಸ ಎದುರಾಳಿಯನ್ನು ಹುಡುಕುವುದು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಪೂರ್ವಪಕ್ಷ ಎನ್ನುತ್ತಾರೆ: ತನ್ನ ಸಿದ್ಧಾಂತ ಹೇಳುವುದಕ್ಕೆ ಮೊದಲು ಎದುರಿನವನ ವಾದವನ್ನು ಅವನೇ ತಲೆದೂಗುವಂತೆ ಮಂಡಿಸಬೇಕು. ಶಂಕರರ ಭಾಷ್ಯವನ್ನು ಹೊಸದಾಗಿ ಓದುವವರು ಯಾವುದು ಅವರ ಮಾತು, ಯಾವುದು ಎದುರಾಳಿಯದು ಎಂದು ತಡಕಾಡುವುದುಂಟು, ಪೂರ್ವಪಕ್ಷಕ್ಕೆ ಅಲ್ಲಿ ಅಷ್ಟು ಜಾಗ. ವಿಜಯನಗರ ಕಾಲದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ಶುರುವಾಗುವುದೇ ಚಾರ್ವಾಕನಿಂದ. ದೇವರು, ಆತ್ಮ, ಪರಲೋಕ ಯಾವುದೂ ಇಲ್ಲ ಎನ್ನುವವನ ಮಾತನ್ನು ಅದ್ವೈತಿಯೊಬ್ಬರು ಎಷ್ಟು ಕಸುವಿನಿಂದ ಬರೆದರೆಂದರೆ, ಸ್ವಂತ ಗ್ರಂಥಗಳು ಹೆಚ್ಚುಕಡಿಮೆ ಕಳೆದುಹೋದ ಆ ಪಂಥದ ಬಗ್ಗೆ ತಿಳಿಯಲು ಇವತ್ತಿಗೂ ನಾವು ಆ ಅಧ್ಯಾಯವನ್ನೇ ತೆರೆಯುತ್ತೇವೆ.

ವಿದ್ಯಾರ್ಥಿಯ ಪ್ರಬಂಧ ಗಟ್ಟಿಯೋ ಪೊಳ್ಳೋ ಎಂಬುದನ್ನು ಅದರ ಪೂರ್ವಪಕ್ಷ ನೋಡಿ ಹೇಳಬಹುದು ಎಂಬುದು ನನ್ನ ಎಣಿಕೆ. ಆ ಪೂರ್ವಪಕ್ಷ ಪುಸ್ತಕದಲ್ಲಿ ಮಲಗಿರದೆ ಎದುರಿನ ಕುರ್ಚಿಯಲ್ಲಿ ಗೈಡ್ ಆಗಿ ಕುಳಿತಿದ್ದರೆ ಇನ್ನೂ ಒಳ್ಳೆಯದು.

1908ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಂಥದ್ದೊಂದು ನಡೆಯಿತು. ಸರ್ವೇಪಲ್ಲಿ ರಾಧಾಕೃಷ್ಣನ್ ಎಂಬ ಇಪ್ಪತ್ತರ ಹುಡುಗ ಎಂ.ಎ.ಗಾಗಿ ವೇದಾಂತದ ನೀತಿಶಾಸ್ತ್ರ ಮತ್ತು ಅದರ ತಾತ್ವಿಕ ಆಧಾರಗಳ ಬಗ್ಗೆ ಪ್ರಬಂಧ ಬರೆದ. ಆತ ತತ್ವಶಾಸ್ತ್ರಕ್ಕೆ ಬಂದದ್ದು ಒಲವಿನಿಂದಲ್ಲ. ಪದವಿ ಮುಗಿಸಿದ ನೆಂಟನೊಬ್ಬ ತನ್ನ ಮನಶ್ಶಾಸ್ತ್ರ, ತರ್ಕ ಮತ್ತು ನೀತಿಶಾಸ್ತ್ರದ ಪಠ್ಯಪುಸ್ತಕಗಳನ್ನು ಕೊಟ್ಟ. ಬಡ ಮನೆಯ ಹುಡುಗನಿಗೆ ಪುಸ್ತಕದ ಖರ್ಚು ಉಳಿಯಿತು, ವಿಷಯ ಗೊತ್ತಾಯಿತು. ಆದರೆ ಪ್ರಬಂಧದ ಪ್ರಶ್ನೆ ಹಾಗೆ ಪುಕ್ಕಟೆಯಾಗಿ ಬಂದದ್ದಲ್ಲ, ಚುಚ್ಚಿದ್ದರಿಂದ ಬಂದದ್ದು. ಜಗತ್ತೇ ಮಾಯೆ ಎನ್ನುವ ದರ್ಶನದಲ್ಲಿ ಅನ್ಯಾಯಕ್ಕೆ ಏನು ಬೆಲೆ, ಎಲ್ಲವೂ ಬ್ರಹ್ಮವೇ ಆದರೆ ಹೊಡೆದವನು ಯಾರು, ಹೊಡೆಸಿಕೊಂಡವನು ಯಾರು ಎಂದು ಮಿಷನರಿಗಳು ಕೇಳುತ್ತಿದ್ದರು. ಮನೆಯಲ್ಲಿ ಕಂಡ ಧರ್ಮ ಒಂದು, ತರಗತಿಯಲ್ಲಿ ಅದರ ಬಗ್ಗೆ ಕೇಳುವುದು ಇನ್ನೊಂದು. ಈ ಧರ್ಮದಲ್ಲಿ ಜೀವಂತವಾಗಿರುವುದು ಯಾವುದು, ಸತ್ತದ್ದು ಯಾವುದು ಎಂದು ನೋಡಹೊರಟೆ ಎಂದು ಅವರು ಮುಂದೆ ಬರೆದುಕೊಂಡರು.

ಅಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದವರು ಸ್ಕಾಟ್ಲೆಂಡಿನ ಆಲ್ಫ್ರೆಡ್ ಜಾರ್ಜ್ ಹಾಗ್. ಹಿಂದೂ ಧರ್ಮವನ್ನು ಗೇಲಿ ಮಾಡುವ ಮಿಷನರಿ ಅವರಲ್ಲ, ಹಾಗಾಗಿ ಅವರ ಆಕ್ಷೇಪಕ್ಕೆ ತೂಕ ಹೆಚ್ಚು. ಅವರು ಹಿಡಿದದ್ದು ಕರ್ಮಸಿದ್ಧಾಂತವನ್ನು. ‘ಮಾಡಿದ್ದುಣ್ಣೋ ಮಹರಾಯ’ ಎಂದು ನಾವು ಹೇಳುವ ಲೋಕವನ್ನೇ ಊಹಿಸಿಕೊಳ್ಳಿ. ಅಲ್ಲಿ ಪ್ರತಿಯೊಬ್ಬನಿಗೂ ಅವನವನ ಪಾಲಿನದು ಕಾಸು ಹೆಚ್ಚಿಲ್ಲ, ಕಾಸು ಕಡಿಮೆಯಿಲ್ಲ. ಇದು ಅಚ್ಚುಕಟ್ಟಾದ ನ್ಯಾಯಾಲಯ ನಿಜ, ಆದರೆ ನೈತಿಕ ಜಗತ್ತೇ ಎಂಬುದು ಹಾಗ್ ಅವರ ಪ್ರಶ್ನೆ. ಒಬ್ಬ ಇನ್ನೊಬ್ಬನಿಗಾಗಿ ತನ್ನದಲ್ಲದ ಕಷ್ಟವನ್ನು ಹೊರುವುದಕ್ಕೆ ಅಲ್ಲಿ ಜಾಗವೆಲ್ಲಿ? ಯಾರ ನೋವೂ ಅನ್ಯಾಯದ್ದಲ್ಲ ಎಂದಾದ ಮೇಲೆ ಕರುಣೆಗೆ ಏನು ಕೆಲಸ?

ಮಾಯೆ ಎಂದರೆ ಏನೂ ಇಲ್ಲವೆಂದಲ್ಲ, ಜಗತ್ತು ತನ್ನ ಕಾಲ ಮೇಲೆ ತಾನು ನಿಂತಿಲ್ಲ ಎಂದಷ್ಟೇ. ಇದು ಮಿಷನರಿಗಳ ಆ ಆಕ್ಷೇಪಗಳಿಗೆ ರಾಧಾಕೃಷ್ಣನ್ ಜೀವನವಿಡೀ ಹೇಳಿಕೊಂಡು ಬಂದ ಉತ್ತರದ ಒಂದು ಎಳೆ. ಇನ್ನೊಂದು ಎಳೆಯನ್ನು ಜರ್ಮನಿಯ ಪಾಲ್ ಡಾಯ್ಸನ್ 1893ರಲ್ಲಿ ಮುಂಬಯಿಯ ಭಾಷಣದಲ್ಲಿ ಆಗಲೇ ಎತ್ತಿ ತೋರಿಸಿದ್ದರು: ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಬೈಬಲ್ ವಿಧಿಸುತ್ತದೆ, ಏಕೆ ಎಂಬುದಕ್ಕೆ ಕಾರಣ ಉಪನಿಷತ್ತಿನ ‘ತತ್ತ್ವಮಸಿ’ಯಲ್ಲಿದೆ, ನೆರೆಯವನು ನೀನೇ. ಕೇಳಲು ಸೊಗಸು. ಆದರೆ ನಾನು ಪರೀಕ್ಷಕನಾಗಿದ್ದರೆ ಇಲ್ಲೊಂದು ಗೆರೆ ಎಳೆಯುತ್ತಿದ್ದೆ. ನೆರೆಯವನು ನಾನೇ ಆದರೆ ಅವನಿಗೆ ಅನ್ನ ಹಾಕುವುದು ಪ್ರೀತಿಯೋ, ನನ್ನ ಹೊಟ್ಟೆ ತುಂಬಿಸಿಕೊಳ್ಳುವುದೋ? ಅವನು ನನಗಿಂತ ಬೇರೆ ಎಂಬುದೇ ಪ್ರೀತಿಗೆ ಬೇಕಾದ ಮೊದಲ ಸಂಗತಿಯಲ್ಲವೇ?

ಪ್ರಬಂಧ ಓದಿ ಪ್ರೊಫೆಸರ್ ಮುನಿಸಿಕೊಳ್ಳುತ್ತಾರೆಂಬ ಅಳುಕು ಹುಡುಗನಿಗಿತ್ತು. ಹಾಗ್ ಮುನಿಸಿಕೊಳ್ಳಲಿಲ್ಲ. ತಾತ್ವಿಕ ಸಮಸ್ಯೆಯನ್ನು ಚೆನ್ನಾಗಿ ಅರಿತಿದ್ದಾನೆ ಎಂದು ಮೆಚ್ಚಿ ಶಿಫಾರಸು ಬರೆದುಕೊಟ್ಟರು. ತಮ್ಮ ವಾದವನ್ನು ಎದುರಿಸಲು ಹೊರಟ ವಿದ್ಯಾರ್ಥಿಗೆ ಗೈಡ್ ಕೊಟ್ಟ ಆ ಕಾಗದದಷ್ಟೇ ಒಳ್ಳೆಯ ದಾಖಲೆ ನಮ್ಮ ಉನ್ನತ ಶಿಕ್ಷಣದ ಚರಿತ್ರೆಯಲ್ಲಿ ಬಹಳ ಇರಲಾರದು. 1918ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜಿಗೆ ಪ್ರೊಫೆಸರಾಗಿ ಬಂದರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದರು ಎಂಬುದನ್ನು ಮೈಸೂರಿನಲ್ಲಿ ಎಲ್ಲರೂ ಬಲ್ಲರು, ಆ ಕಥೆ ಇಲ್ಲಿ ಬೇಡ. ಹೇಳಬೇಕಾದದ್ದು ಬೇರೆ. ಯುರೋಪಿನ ಚಿಂತಕ ಆಲ್ಬರ್ಟ್ ಶ್ವೈಟ್ಜರ್ ಭಾರತೀಯ ಚಿಂತನೆ ಲೋಕವನ್ನೇ ನಿರಾಕರಿಸುತ್ತದೆ ಎಂದು ಬರೆದಾಗ, ಆಕ್ಸ್‌ಫರ್ಡಿನಲ್ಲಿದ್ದ ರಾಧಾಕೃಷ್ಣನ್ 1939ರ ತಮ್ಮ ಪುಸ್ತಕದಲ್ಲಿ ಅದಕ್ಕೆ ಉತ್ತರ ಬರೆಯಲು ಕುಳಿತರು. ಮೂವತ್ತು ವರ್ಷ ಕಳೆದಿತ್ತು, ಎದುರಾಳಿ ಬದಲಾಗಿದ್ದ, ಪ್ರಶ್ನೆ ಎಂ.ಎ. ಪ್ರಬಂಧದ್ದೇ.

ಮನಸ್ಸಿನ ವಿಷಯದಲ್ಲೂ ಇಂಥ ಗುರುಶಿಷ್ಯರ ಜೋಡಿಯೊಂದಿದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಡೇವಿಡ್ ಚಾಮರ್ಸ್ ಪಿಎಚ್‌.ಡಿ. ಮುಗಿಸಿದರು. ಆಸ್ಟ್ರೇಲಿಯಾದಿಂದ ಬಂದ ಗಣಿತದ ಹುಡುಗ, ಗೈಡ್ ಡಗ್ಲಸ್ ಹಾಫ್‌ಸ್ಟಾಡ್ಟರ್. ಮಿದುಳಿನ ಕೆಲಸವನ್ನೆಲ್ಲ ವಿವರಿಸಿ ಮುಗಿಸಿದರೆ ಮನಸ್ಸನ್ನೂ ವಿವರಿಸಿದಂತೆಯೇ ಎಂಬ ಪಕ್ಷ ಹಾಫ್‌ಸ್ಟಾಡ್ಟರ್ ಅವರದು. ಶಿಷ್ಯ ಹಾಗಲ್ಲವೆಂದ. ಬೆಳಗಿನ ಫಿಲ್ಟರ್ ಕಾಫಿಯ ಒಂದು ಗುಟುಕು ನಾಲಿಗೆಗೆ ತಾಗಿದಾಗ ಯಾವ ನರ ಯಾವುದಕ್ಕೆ ಸುದ್ದಿ ಮುಟ್ಟಿಸಿತು, ಕೈ ಹೇಗೆ ಮತ್ತೆ ಲೋಟದ ಕಡೆ ಹೋಯಿತು ಎಂಬುದನ್ನೆಲ್ಲ ಒಂದು ದಿನ ಪೂರ್ತಿ ಹೇಳಬಹುದು. ಅಷ್ಟು ಹೇಳಿದ ಮೇಲೂ ಆ ಕಹಿ ಸವಿಯಾಗಿ ‘ಅನಿಸುವುದು’ ಏಕೆ ಎಂಬುದು ಉಳಿದೇ ಇರುತ್ತದೆ. ಅಣು ಅಣುವೂ ನನ್ನಂತೆಯೇ ಇದ್ದು, ಕಾಫಿ ಕುಡಿದು ‘ಆಹಾ’ ಎಂದು, ಒಳಗೆ ಏನೂ ಅನಿಸದ ಒಂದು ಜೀವಿಯನ್ನು ಕಲ್ಪಿಸಿಕೊಳ್ಳುವುದರಲ್ಲಿ ವಿರೋಧಾಭಾಸವಿಲ್ಲ ಎಂದು ವಾದಿಸಿದರು ಚಾಮರ್ಸ್. ಪ್ರಬಂಧ 1996ರಲ್ಲಿ ಪುಸ್ತಕವಾಯಿತು. 2007ರಲ್ಲಿ ಗುರುಗಳು ಬರೆದ ಪುಸ್ತಕದಲ್ಲಿ ಶಿಷ್ಯನ ಈ ಕಲ್ಪನೆಯ ಮೇಲೆ ದೀರ್ಘ ಟೀಕೆಯಿದೆ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಿಲ್ಲ. ಅದರಿಂದ ಪಿಎಚ್‌.ಡಿ.ಗೇನೂ ಕುಂದಾಗಲಿಲ್ಲ.

ಎದುರಾಳಿ ಗೈಡ್ ರೂಪದಲ್ಲಿ ಬಾರದೆ ಯುದ್ಧವಾಗಿ ಬಂದದ್ದೂ ಇದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1942ರ ಡಿಸೆಂಬರಿನಲ್ಲಿ ಜಾನ್ ರಾಲ್ಸ್ ಎಂಬ ಇಪ್ಪತ್ತೊಂದರ ಯುವಕ ಪದವಿಯ ಕೊನೆಯ ವರ್ಷದ ಪ್ರಬಂಧ ಒಪ್ಪಿಸಿದ. ವಿಷಯ ಪಾಪ ಮತ್ತು ಶ್ರದ್ಧೆ. ಚಿಕ್ಕಂದಿನಲ್ಲಿ ತನ್ನಿಂದ ಅಂಟಿದ ಕಾಯಿಲೆಗಳಿಂದ ಒಂದು ವರ್ಷ ಒಬ್ಬ ತಮ್ಮ, ಮರುವರ್ಷ ಇನ್ನೊಬ್ಬ ತಮ್ಮ ತೀರಿಕೊಂಡದ್ದನ್ನು ಕಂಡವನು ಅವನು. ಪಾದ್ರಿಯಾಗುವುದಕ್ಕೆ ಸೆಮಿನರಿ ಸೇರುವ ಯೋಚನೆಯಲ್ಲಿದ್ದ.

ಪ್ರಬಂಧದಲ್ಲಿ ಅವನು ತಗುಲಿಕೊಂಡದ್ದು ಪ್ಲೇಟೋ, ಅರಿಸ್ಟಾಟಲ್, ಅಗಸ್ಟೀನ್, ಅಕ್ವಿನಾಸ್ ಅವರನ್ನೇ. ಇವರೆಲ್ಲ ದೇವರನ್ನು ಬಯಸಿ ಪಡೆಯುವ ವಸ್ತುವಾಗಿಸಿದರು, ಎಲ್ಲಕ್ಕಿಂತ ದೊಡ್ಡ ವಸ್ತು ಅಷ್ಟೇ ಎಂಬುದು ದೂರು. ಅವನ ಪ್ರಕಾರ ಮನುಷ್ಯನಿಗೂ ವಸ್ತುವಿಗೂ ಇರುವ ಸಂಬಂಧ ಬೇರೆ, ವ್ಯಕ್ತಿಗೂ ವ್ಯಕ್ತಿಗೂ ಇರುವ ಸಂಬಂಧವೇ ಬೇರೆ. ನೀತಿ ಇರುವುದು ಎರಡನೆಯದರಲ್ಲಿ. ಪಾಪವೆಂದರೆ ಆಸೆಯಲ್ಲ, ಕೂಡಿಬಾಳುವ ಸಮುದಾಯವನ್ನು ಒಡೆಯುವುದು. ಒಡೆಯುವುದಕ್ಕೆ ಹೆಚ್ಚು ಬಲವಿರುವುದು ‘ನಾನು ಅವರಿಗಿಂತ ಮೇಲು’ ಎಂಬ ಜಂಬಕ್ಕೆ. ಆದ್ದರಿಂದ ದೇವರ ಮುಂದೆ ‘ನನ್ನ ಯೋಗ್ಯತೆ ಇಷ್ಟು’ ಎಂದು ನಿಲ್ಲುವುದೇ ತಪ್ಪು. ನನ್ನ ಶ್ರಮದ್ದು ಎಂದುಕೊಂಡದ್ದೆಲ್ಲ ಯಾರೋ ಕೊಟ್ಟದ್ದು. ಆ ನಾಲ್ವರು ಹಿರಿಯರಿಗೆ ಹುಡುಗ ನ್ಯಾಯ ಮಾಡಿದ್ದಾನೆಂದು ನನಗನಿಸುವುದಿಲ್ಲ, ವಿಶೇಷವಾಗಿ ಅಗಸ್ಟೀನನಿಗೆ. ಪೂರ್ವಪಕ್ಷ ತೆಳು. ಆದರೆ ಸಿದ್ಧಾಂತದಲ್ಲಿ ಕಸುವಿದೆ.

1943ರಲ್ಲಿ ಅವನು ಕಾಲಾಳುಪಡೆಗೆ ಸೇರಿ ಪೆಸಿಫಿಕ್ ರಣರಂಗಕ್ಕೆ ಹೋದ. ಮುಂದಿನದನ್ನು 1997ರಲ್ಲಿ ಬರೆದ, ಬದುಕಿರುವಾಗ ಪ್ರಕಟಿಸದ ಬರಹವೊಂದರಲ್ಲಿ ರಾಲ್ಸ್ ಹೇಳಿದ್ದಾರೆ. ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ ಒಬ್ಬ ಪಾದ್ರಿ ಸಿಪಾಯಿಗಳಿಗೆ ಉಪದೇಶ ಮಾಡಿದ: ನಮ್ಮ ಗುಂಡುಗಳನ್ನು ಜಪಾನೀಯರತ್ತ ಗುರಿಯಿಡುವವನು ದೇವರು, ಅವರ ಗುಂಡುಗಳಿಂದ ನಮ್ಮನ್ನು ಕಾಯುವವನೂ ಅವನೇ. ರಾಲ್ಸ್‌ಗೆ ಸಿಟ್ಟು ಬಂತು. 1945ರ ಮೇ ತಿಂಗಳಲ್ಲಿ ಲುಜಾನ್ ದ್ವೀಪದಲ್ಲಿ ಸಾರ್ಜೆಂಟ್ ಇಬ್ಬರನ್ನು ಕೇಳಿದ. ಒಬ್ಬ ಕರ್ನಲ್ ಜೊತೆ ಶತ್ರುವಿನ ನೆಲೆ ನೋಡಲು ಹೋಗಬೇಕು, ಇನ್ನೊಬ್ಬ ಗಾಯಾಳುವಿಗೆ ರಕ್ತ ಕೊಡಬೇಕು. ರಾಲ್ಸ್ ಮತ್ತು ಅವರ ಡೇರೆಯ ಗೆಳೆಯ ಡೀಕನ್ ಇಬ್ಬರೂ ಒಪ್ಪಿದರು. ರಕ್ತದ ಗುಂಪು ಹೊಂದಿದ್ದು ರಾಲ್ಸ್‌ದು. ಕರ್ನಲ್ ಜೊತೆ ಹೋದ ಡೀಕನ್, ಇಬ್ಬರೂ ಅಡಗಿದ್ದ ಗುಂಡಿಗೇ ಮಾರ್ಟರ್ ಶೆಲ್ ಬಿದ್ದು ಸತ್ತ. ಅದೇ ವಸಂತದಲ್ಲಿ ಯೆಹೂದ್ಯರ ನರಮೇಧದ ಸುದ್ದಿ ಸೇನೆಯ ಚಿತ್ರಗಳ ಮೂಲಕ ತಲುಪಿತು. ಈ ಮೂರನ್ನು ಹೇಳಿಯೂ, ಶ್ರದ್ಧೆ ಏಕೆ ಹೋಯಿತೆಂದು ತನಗೇ ಪೂರ್ತಿ ತಿಳಿಯದು ಎನ್ನುತ್ತಾರೆ ಅವರು. ವಾದಕ್ಕೆ ಸೋತು ನಂಬಿಕೆ ಬಿಟ್ಟವರ ಕಥೆಗಳಿಗಿಂತ ಈ ಮಾತು ನಂಬಲರ್ಹ.

ಸೆಮಿನರಿಯ ಯೋಚನೆ ಅಲ್ಲಿಗೆ ಮುಗಿಯಿತು. 1971ರಲ್ಲಿ ಅವರ ‘ಎ ಥಿಯರಿ ಆಫ್ ಜಸ್ಟಿಸ್’ ಬಂತು, ಅದರಲ್ಲಿ ದೇವರ ಆಸರೆಯಿಲ್ಲ. 2002ರಲ್ಲಿ ರಾಲ್ಸ್ ತೀರಿಕೊಂಡ ಮೇಲೆ ಪ್ರಿನ್ಸ್‌ಟನ್ ಗ್ರಂಥಾಲಯದಲ್ಲಿದ್ದ ಪದವಿ ಪ್ರಬಂಧ ಕಣ್ಣಿಗೆ ಬಿದ್ದು, 2009ರಲ್ಲಿ ಅಚ್ಚಾಯಿತು. ಆಗ ಓದಿದವರು ಬೆರಗಾದರು: ಯೋಗ್ಯತೆಯ ಮೇಲಿನ ಈ ಹಳೆಯ ವಾದವೇ ‘ಥಿಯರಿ’ಯಲ್ಲೂ ಇತ್ತು, ದೇವರು ಮಾತ್ರ ಇರಲಿಲ್ಲ. ‘ಥಿಯರಿ’ಯ ಪ್ರಕಾರ ಹುಟ್ಟಿನಿಂದ ಬಂದ ಪ್ರತಿಭೆ ಯಾರೂ ಗಳಿಸಿದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಫೋಟೋ ಪೇಪರಿನಲ್ಲಿ ಬರುತ್ತದೆ. ಅವಳ ನೆನಪಿನ ಶಕ್ತಿ, ಓದಿಸಿದ ತಾಯಿ, ಓದಲು ಬಿಟ್ಟ ಮನೆ ಯಾವುದನ್ನೂ ಅವಳು ಸಂಪಾದಿಸಿರಲಿಲ್ಲ. ಕಷ್ಟಪಟ್ಟು ಓದುವ ಸ್ವಭಾವವೂ ಬಹುಪಾಲು ಮನೆಯಿಂದಲೇ ಬಂದದ್ದು ಎಂದು ರಾಲ್ಸ್ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹಾಗಾಗಿ ಸಮಾಜದ ಸಂಪತ್ತನ್ನು ಯೋಗ್ಯತೆಗೆ ತಕ್ಕಂತೆ ಹಂಚಬೇಕೆಂಬ ಮಾತಿಗೆ ಅವರಲ್ಲಿ ಜಾಗವಿಲ್ಲ.

ಹಾಗ್ ಅವರು ಕರ್ಮಸಿದ್ಧಾಂತಕ್ಕೆ ಕೇಳಿದ ಪ್ರಶ್ನೆಯೂ ಇದಕ್ಕೆ ದೂರದ್ದಲ್ಲ. ಆದರೆ ರಾಲ್ಸ್ ಅವರಲ್ಲಿ ಯೋಗ್ಯತೆಯ ಲೆಕ್ಕದ ಒಂದು ಬದಿ ಮಾತ್ರ ಅಳಿಸಿದೆ. ಇಪ್ಪತ್ತೊಂದರ ರಾಲ್ಸ್ ಪ್ರಕಾರ ಒಳ್ಳೆಯದೆಲ್ಲ ಕೊಟ್ಟದ್ದು, ಪಾಪ ಮಾತ್ರ ನನ್ನದೇ. ಐವತ್ತರ ರಾಲ್ಸ್ ಪ್ರಕಾರ ಪ್ರತಿಭೆಯ ಹೆಗ್ಗಳಿಕೆ ನನ್ನದಲ್ಲ, ಆದರೆ ಅಪರಾಧಕ್ಕೆ ಶಿಕ್ಷೆ ಕೊಡುವುದು ಬೇರೆ ಮಾತು, ಅಪರಾಧದ ಪ್ರವೃತ್ತಿ ಕೆಟ್ಟ ನಡತೆಯ ಗುರುತು. ರ‍್ಯಾಂಕ್ ಬಂದವಳ ಶ್ರಮ ಮನೆಯಿಂದ ಬಂದದ್ದಾದರೆ ಜೇಬುಗಳ್ಳನ ಚಟ ಎಲ್ಲಿಂದ ಬಂತು? ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ 1982ರಲ್ಲೇ ಈ ಎಳೆ ಹಿಡಿದು ಜಗ್ಗಿದರು. ರಾಲ್ಸ್ ಪರವಾಗಿ ಹಂಚಿಕೆಯ ನ್ಯಾಯ ಬೇರೆ, ಶಿಕ್ಷೆಯ ನ್ಯಾಯ ಬೇರೆ ಎಂದು ಉತ್ತರ ಕೊಟ್ಟವರಿದ್ದಾರೆ. ಬೇರೆ ಎಂದರೆ ಎಷ್ಟು ಬೇರೆ, ಯಾವ ಆಧಾರದ ಮೇಲೆ ಬೇರೆ ಎಂಬುದರ ಮೇಲೆ ವಾದ ಇನ್ನೂ ನಡೆದಿದೆ.