ಮಳೆಗಾಲಕ್ಕೆಂದೇ ಕೊರೆದ ಬೆಟ್ಟ

ಮುಂಬೈಯ ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಹೆದ್ದಾರಿಯ ಆಚೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು. ಅಲ್ಲಿಂದ ಕಾನ್ಹೇರಿ ಗುಹೆಗಳಿಗೆ ಆರೇಳು ಕಿಲೋಮೀಟರ್ ಕಾಡುದಾರಿ. ವಾಹನದ ಅನುಕೂಲವೂ ಇದೆ. ಆದರೂ ಜುಲೈ ತಿಂಗಳ ಜಡಿಮಳೆಯಲ್ಲಿ ಇಲ್ಲಿಗೆ ನಡೆದೇ ಹೋಗಬೇಕು. ಯಾಕೆಂದರೆ ದೂರದಿಂದ ನಡೆದು ದಣಿದು ಬಂದವರು ಮಳೆಗಾಲ ಕಳೆಯಲೆಂದೇ ಈ ಬೆಟ್ಟವನ್ನು ಕೊರೆದದ್ದು.

ಬೌದ್ಧ ಭಿಕ್ಷುಗಳದು ಊರೂರು ಅಲೆಯುವ ಬಾಳು. ಮಳೆಗಾಲದ ಮೂರು ತಿಂಗಳು ಮಾತ್ರ ಒಂದೆಡೆ ನಿಲ್ಲಬೇಕು. ಅದಕ್ಕೆ ವರ್ಷಾವಾಸ ಎಂದು ಹೆಸರು. ಎಳೆ ಹುಲ್ಲು, ಹುಳುಹುಪ್ಪಟೆ ಕಾಲಡಿ ಸಿಕ್ಕಿ ಸಾಯಬಾರದು ಎಂಬುದು ಗ್ರಂಥಗಳು ಕೊಡುವ ಕಾರಣ. ಕೊಂಕಣದ ಮಳೆಯನ್ನು ಮೈಮೇಲೆ ಹೊತ್ತವರಿಗೆ ಆ ಕಾರಣವನ್ನೂ ಹೇಳಬೇಕಿಲ್ಲ ಬಿಡಿ. ಪೈಠಣ, ಜುನ್ನರದ ಕಡೆಯಿಂದ ಹೊರಟವರು ನಾಣೇಘಾಟಿನಲ್ಲಿ ಸಹ್ಯಾದ್ರಿ ಇಳಿದು ಕಲ್ಯಾಣಕ್ಕೆ ಬರುತ್ತಿದ್ದರು. ಕಲ್ಯಾಣ, ಸೋಪಾರ, ಚೌಲ್ ಮೂರೂ ಆ ಕಾಲದ ದೊಡ್ಡ ಬಂದರುಗಳು. ಅಲ್ಲಿನ ವರ್ತಕರು, ಅಕ್ಕಸಾಲಿಗರು, ಕಮ್ಮಾರರು ಕೊಟ್ಟ ದಾನಗಳ ವಿವರ ಕಾನ್ಹೇರಿಯ ಗೋಡೆಗಳ ಮೇಲಿದೆ. ಘಟ್ಟವಿಳಿದು ಬಂದ ನಡಿಗೆಗೆ ಈ ಬೆಟ್ಟ ಕೊನೆಯ ತಂಗುದಾಣವೇ ಆಗಿರಬೇಕು. ಮುಂದೆ ಸಮುದ್ರ.

ಸುಮಾರು ಸಾವಿರ ವರ್ಷ, ಅಂದರೆ ಕ್ರಿಸ್ತಪೂರ್ವ ಒಂದನೇ ಶತಮಾನದಿಂದ ಕ್ರಿಸ್ತಶಕ ಹತ್ತನೇ ಶತಮಾನದವರೆಗೆ, ಉಳಿ ಸುತ್ತಿಗೆಗಳು ಇಲ್ಲಿ ಕೆಲಸ ಮಾಡಿದವು. ಕಪ್ಪು ಬಸಾಲ್ಟ್ ಬಂಡೆಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಮೂರನೇ ಗುಹೆಯ ಚೈತ್ಯ, ಅದರ ಮೊಗಸಾಲೆಯಲ್ಲಿ ಇಪ್ಪತ್ತಡಿಗೂ ಎತ್ತರ ನಿಂತ ಇಬ್ಬರು ಬುದ್ಧರು, ನಲವತ್ತೊಂದನೆಯದರಲ್ಲಿ ಹನ್ನೊಂದು ತಲೆಯ ಬೋಧಿಸತ್ವ ಅವಲೋಕಿತೇಶ್ವರ, ಇವನ್ನು ಯಾವ ಗೈಡಾದರೂ ತೋರಿಸುತ್ತಾನೆ. ಅವನು ತೋರಿಸದೆ ದಾಟಿಹೋಗುವುದು ನೀರಿನ ಏರ್ಪಾಡನ್ನು.

ಮಳೆ ಬೀಳುವಾಗ ಬಂಡೆಯ ನೆತ್ತಿಗೆ ಹತ್ತಿ ನಿಂತರೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಮೇಲಿಂದ ಇಳಿಯುವ ನೀರು ಬಾಗಿಲಿಗೆ ಸುರಿಯದಂತೆ ಬಂಡೆಯಲ್ಲೇ ಸಣ್ಣ ಕಾಲುವೆ ತೋಡಿದ್ದಾರೆ. ಕಾಲುವೆಯ ನೀರು ಅಂಗಳದ ಪಕ್ಕದ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ಬಾಯಿ ಚಿಕ್ಕದು, ಒಡಲು ನೆಲದಡಿ ಹರಡಿದ್ದು. ಬೇಸಿಗೆಯ ಬಿಸಿಲಿಗೆ ನೀರು ಆರಿಹೋಗುವುದು ಕಡಿಮೆ. ಹೆಚ್ಚಿನ ಗುಹೆಗಳಿಗೆ ತಮ್ಮದೇ ತೊಟ್ಟಿಯಿದೆ. ಒಳಗೆ ಮಲಗಲು ಕಲ್ಲಿನ ಜಗಲಿ. ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಬೇಸಿಗೆಯಲ್ಲಿ ಬರಿಗಲ್ಲು, ಈಗ ಕೆಂಪು ನೀರಿನ ಆರ್ಭಟ. ಅಷ್ಟು ಮಳೆಯಲ್ಲೂ ಗುಹೆಯೊಳಗೆ ಕಾಲಿಟ್ಟರೆ ಬಹುಪಾಲು ಒಣ ನೆಲ. ಜೂನ್ ಬಂತೆಂದರೆ ಮಾಳಿಗೆಗೆ ನೀಲಿ ತಾಡಪಾಲು ಹೊದೆಸುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಕನ್ನಡಿಗರು ಇಲ್ಲಿ ಒಂದಿಷ್ಟು ಹೊತ್ತು ಹೆಚ್ಚಿಗೆ ನಿಲ್ಲಬೇಕು. ಉದ್ದನೆಯ ಎರಡು ಕಲ್ಲುಜಗಲಿಗಳಿರುವ ಗುಹೆಯನ್ನು ದರ್ಬಾರ್ ಎನ್ನುತ್ತಾರೆ. ಎಲ್ಲೋರದ ಐದನೇ ಗುಹೆ ನೋಡಿದವರಿಗೆ ಇದರ ಒಡಹುಟ್ಟು ತಕ್ಷಣ ತಿಳಿಯುತ್ತದೆ. ಇಲ್ಲಿನ ಎರಡು ಶಾಸನಗಳು ಶಕ 775 ಮತ್ತು 799ರವು, ಅಂದರೆ ಸುಮಾರು ಕ್ರಿ.ಶ. 853 ಮತ್ತು 877. ಶಕ 765ರ ಮತ್ತೊಂದು ಶಾಸನ ಇನ್ನೊಂದು ಗುಹೆಯಲ್ಲಿದೆ. ಬರೆಸಿದ ಕಾಲದಲ್ಲಿ ಕೊಂಕಣ ಆಳುತ್ತಿದ್ದವರು ಶಿಲಾಹಾರರು: ಪುಲ್ಲಶಕ್ತಿ, ಅವನ ಮಗ ಕಪರ್ದಿ. ಮೂರರಲ್ಲೂ ಅವರ ಮೇಲಿನ ದೊರೆಯೆಂದು ಹೆಸರಿಸಿರುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ, ಕವಿರಾಜಮಾರ್ಗದ ಕಾಲದ ನೃಪತುಂಗನೇ. ಶಾಸನಗಳ ಭಾಷೆ ಸಂಸ್ಕೃತ, ಅವುಗಳಲ್ಲಿ ಬೆಟ್ಟದ ಹೆಸರು ಕೃಷ್ಣಗಿರಿ. ಗೌಡದೇಶದಿಂದ, ಎಂದರೆ ಬಂಗಾಳದಿಂದ, ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕ 853ರ ಸುಮಾರಿಗೆ ಇಲ್ಲಿ ನೂರು ದ್ರಮ್ಮ ನಾಣ್ಯ ದತ್ತಿಯಿಟ್ಟ. ಪುಲ್ಲಶಕ್ತಿಯ ಕಾಲದ ದತ್ತಿಯಲ್ಲಿ ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಬೇರೆ ಬೇರೆ ಹಣ ಗೊತ್ತುಮಾಡಿದ್ದಾರೆ. ಜೈನ ಆಚಾರ್ಯ ಜಿನಸೇನನ ಶಿಷ್ಯನಾದ ರಾಜ, ಬುದ್ಧನ ವಿಹಾರ, ಬಂಗಾಳದ ದಾನಿ! ನಮ್ಮ ಶಾಲಾ ಪಠ್ಯಗಳಲ್ಲಿ ಎಲ್ಲೋರಕ್ಕೆ ಸಿಕ್ಕ ಜಾಗದ ಕಾಲುಭಾಗವೂ ಕಾನ್ಹೇರಿಗೆ ಸಿಕ್ಕಿಲ್ಲ ಎಂಬುದು ನನ್ನ ತಕರಾರು. ಮುಂಬೈ ಕನ್ನಡಿಗರ ಕಥೆಯನ್ನು ನಾವು ಉಡುಪಿ ಹೋಟೆಲಿನಿಂದಲೇ ಶುರುಮಾಡುತ್ತೇವೆ.

ಸುತ್ತಲಿನ ಕಾಡು ನೂರು ಚದರ ಕಿಲೋಮೀಟರಿಗೆ ತುಸು ಹೆಚ್ಚು. ಒಂದು ಮಗ್ಗುಲಲ್ಲಿ ಬೊರಿವಲಿ, ಇನ್ನೊಂದರಲ್ಲಿ ಠಾಣೆಯ ಯೇವೂರು. ಚಿರತೆಗಳಿವೆ, ವಾರ್ಲಿ ಆದಿವಾಸಿಗಳ ಪಾಡಾ ಎಂಬ ಹಾಡಿಗಳಿವೆ. 1860ರ ವಿಹಾರ್, 1879ರ ತುಳಸಿ ಕೆರೆಗಳು ಇಲ್ಲಿಂದಲೇ ಇಂದಿಗೂ ನಗರಕ್ಕೆ ಕುಡಿಯುವ ನೀರು ಕೊಡುತ್ತಿವೆ. ತುಳಸಿಯ ಕಡೆಯಿಂದ ದಹಿಸರ್ ನದಿ, ವಿಹಾರ್ ಕೋಡಿಯಿಂದ ಮೀಠಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಮೀಠಿ ಉಕ್ಕಿ ಏನು ಮಾಡಿತೆಂದು ಮುಂಬೈಯವರಿಗೆ ಹೇಳಬೇಕಾಗಿಲ್ಲ. ನದಿಯ ಪಾತ್ರವನ್ನು ಒತ್ತರಿಸಿ ಕಟ್ಟಿದ ಊರಿಗೂ, ಹರಿವ ನೀರಿಗೆ ಮೊದಲು ದಾರಿ ಕೊಟ್ಟು ಆಮೇಲೆ ಮನೆ ಕೊರೆದ ಈ ಬೆಟ್ಟಕ್ಕೂ ನಡುವೆ ಇರುವುದು ಕೆಲವೇ ಕಿಲೋಮೀಟರ್.

ಹೋಗುವವರು ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ, ಪಾಚಿಗಟ್ಟಿದ ಮೆಟ್ಟಿಲು ಜಾರುತ್ತವೆ. ಕಣಿವೆಯ ನೀರಿಗೆ ಇಳಿಯಬೇಡಿ, ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಭಾನುವಾರ ಜಾತ್ರೆ, ಸೋಮವಾರ ರಜೆ. ವಾರದ ನಡುವಿನ ಒಂದು ಮಳೆದಿನವೇ ಸರಿ.