ಬಾಣದ ತೂಕವೆಷ್ಟಿರಬೇಕು?

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಿಲ್ಲಾಳುಗಳನ್ನು ನಾವು ಕಾಣುತ್ತೇವೆ. ಬಾಣವು ಹಗುರವಿರಬೇಕೇ, ಭಾರವಿರಬೇಕೇ? ಲೆಕ್ಕ ಹಾಕೋಣ.

ಸೆಳೆದ ಬಿಲ್ಲಿನಲ್ಲಿ 40 ಜೂಲ್ ಶಕ್ತಿ ಅಡಗಿದೆಯೆನ್ನಿ. ಅದು ಬಾಣವನ್ನಲ್ಲದೆ ಬಿಲ್ಲಿನ ತೋಳುಗಳನ್ನೂ ಹೆದೆಯನ್ನೂ ಚಲಿಸಬೇಕು. ಅವುಗಳ ಪಾಲನ್ನು 10 ಗ್ರಾಂ ಬಾಣಕ್ಕೆ ಸಮವೆಂದು ಎಣಿಸೋಣ. ಆಗ 20 ಗ್ರಾಂ ಬಾಣವು ಸೆಕೆಂಡಿಗೆ ಸುಮಾರು 52 ಮೀಟರು, 40 ಗ್ರಾಂ ಬಾಣವು 40 ಮೀಟರು ವೇಗದಿಂದ ಹೊರಡುತ್ತದೆ. ಗಾಳಿಯ ತಡೆಯನ್ನು ಗಣಿಸದಿದ್ದರೆ, 30 ಮೀಟರು ದೂರದಲ್ಲಿ ಮೊದಲನೆಯದು 1.7, ಎರಡನೆಯದು 2.8 ಮೀಟರು ಕೆಳಗಿಳಿಯುವುದು. ಆದುದರಿಂದ ಗುರಿಯಾಟಕ್ಕೆ ಹಗುರ ಬಾಣ ಅನುಕೂಲ. ಭಾರದ ಬಾಣವಾದರೋ 27ರ ಬದಲು 32 ಜೂಲ್ ಹೊತ್ತೊಯ್ದು ಆಳಕ್ಕೆ ನಾಟುತ್ತದೆ. ಬೇಟೆಗೆ ಅದೇ ತಕ್ಕುದು.

ಮುಂಡರಗಿ, ಶಿರಹಟ್ಟಿಗಳ ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮ. 1972ರ ಕಾಯಿದೆಯಂತೆ ಬೇಟೆ ಅಪರಾಧ. ಉಳಿದುದು ಗುರಿಯಾಟ. ಹಾಗೆಂದು ಬಾಣವನ್ನು ತೀರ ಹಗುರಗೊಳಿಸಬಾರದು: ಅದು ಒಯ್ಯದ ಶಕ್ತಿಯು ಬಿಲ್ಲಿನಲ್ಲೇ ಉಳಿದು ಬಿಲ್ಲನ್ನೇ ಸೀಳಬಹುದು.